ಬರಗಾಲದ ದಿವಾನರು: ಶೇಷಾದ್ರಿ ಅಯ್ಯರ್

ಸುಖದ ದಿನಗಳಲ್ಲಿ ಆಶಾವಾದಿಯಾಗಿರುವುದು ಕಷ್ಟದ ಕೆಲಸವಲ್ಲ. ಕೆರೆ ಕೋಡಿ ಹರಿಯುತ್ತಿರುವಾಗ, ಕಣದಲ್ಲಿ ರಾಶಿ ಬಿದ್ದಿರುವಾಗ ಯಾರ ಮುಖದಲ್ಲಿ ತಾನೆ ನಗೆ ಕಾಣುವುದಿಲ್ಲ? ಮಳೆ ಕೈಕೊಟ್ಟು, ಬಿತ್ತಿದ ಬೀಜವೂ ಮನೆಗೆ ಹಿಂದಿರುಗದೆ, ಸಾಲದ ಬಡ್ಡಿಯೊಂದೇ ತಪ್ಪದೆ ಬೆಳೆಯುತ್ತಿರುವಾಗ ನಾಳೆಯ ದಿನದಲ್ಲಿ ನಂಬಿಕೆಯಿಡುವುದೇ ನಿಜವಾದ ಪರೀಕ್ಷೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಹಳ್ಳಿಗಳಿಂದ ಬಂದಿರುವ ನಮಗೆ ಈ ಪರೀಕ್ಷೆ ಪಠ್ಯಪುಸ್ತಕದ ವಿಷಯವಲ್ಲ. ಕಡಲೆಕಾಯಿ ಕೈಗೆ ಬಾರದ ವರ್ಷ ನಮ್ಮ ತರಗತಿಯ ಕೆಲವು ಬೆಂಚುಗಳು ಬರಿದಾಗುತ್ತವೆ. ನಾಲ್ಕು ತಿಂಗಳು ದುಡಿದು ಬರುತ್ತೇನೆಂದು ಬೆಂಗಳೂರಿನ ಬಸ್ಸು ಹತ್ತಿದ ಗೆಳೆಯರಲ್ಲಿ ಎಲ್ಲರೂ ಹಿಂದಿರುಗಿ ಬರುವುದಿಲ್ಲ. ಅಂಥವರಿಗೆ ಧೈರ್ಯವಾಗಿರು ಎಂದು ಹೇಳುವುದು ಸುಲಭ. ಆದರೆ ಆ ಮಾತಿಗೆ ಅರ್ಥವೇನು, ಬರಿಯ ಮಾತಿನಿಂದ ಯಾರ ಹೊಟ್ಟೆ ತುಂಬೀತು ಎಂಬ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಅದಕ್ಕೆ ತಕ್ಕಮಟ್ಟಿನ ಉತ್ತರ ನನಗೆ ದೊರೆತುದು ಒಬ್ಬ ಮಹನೀಯರ ಜೀವನ ಚರಿತ್ರೆಯಲ್ಲಿ. ಅವರೇ ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರ್.

ಬೆಂಗಳೂರಿನ ಶೇಷಾದ್ರಿಪುರದ ಹೆಸರನ್ನು ಕೇಳದವರಿಲ್ಲ. ಕಬ್ಬನ್ ಉದ್ಯಾನದಲ್ಲಿ ಅವರ ಪ್ರತಿಮೆಯನ್ನೂ ಅವರ ಹೆಸರಿನ ಕೆಂಪು ಬಣ್ಣದ ಸ್ಮಾರಕ ಭವನವನ್ನೂ ನಮ್ಮಲ್ಲಿ ಅನೇಕರು ನೋಡಿರಬಹುದು. ಆದರೆ ಅವರು ದಿವಾನರಾಗುವ ಮೊದಲು ನಮ್ಮ ತುಮಕೂರು ಜಿಲ್ಲೆಯ ಡೆಪ್ಯುಟಿ ಕಮಿಷನರಾಗಿದ್ದರೆಂಬುದನ್ನು, ಅದೂ ಈ ಸೀಮೆ ಕಂಡ ಅತಿ ಘೋರವಾದ ಬರಗಾಲದ ಬೆನ್ನಿಗೇ ಇಲ್ಲಿಗೆ ಬಂದಿದ್ದರೆಂಬುದನ್ನು ತಿಳಿದವರು ಕಡಮೆ.

ಮೊದಲು ನಮ್ಮ ನೆಲದ ಸ್ವಭಾವವನ್ನು ಸ್ವಲ್ಪ ನೆನೆಯೋಣ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿದ ಜಯಮಂಗಲಿ ಕೊರಟಗೆರೆ ಮಧುಗಿರಿಗಳ ಮೂಲಕ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ನದಿಯೆಂದು ಹೆಸರೇ ಹೊರತು ವರ್ಷದ ಬಹುಕಾಲ ಅದು ಮರಳಿನ ಹಾಸು. ಪಾವಗಡ ಶಿರಾಗಳ ಕಡೆ ವರ್ಷಕ್ಕೆ ಬೀಳುವ ಮಳೆ ಆರುನೂರು ಮಿಲಿಮೀಟರಿನ ಆಸುಪಾಸು. ಅದೂ ಬರಬೇಕಾದ ಕಾಲಕ್ಕೆ ಬಂದರೆ ಪುಣ್ಯ. ಆದರೂ ಈ ಒಣ ಭೂಮಿಗೆ ಒಂದು ವಿಶೇಷವಿತ್ತು. ಅದೇ ತಲಪರಿಗೆ. ಕೊರಟಗೆರೆಯಿಂದ ಹಿರಿಯೂರು, ಮೊಳಕಾಲ್ಮೂರುಗಳತ್ತ ಒಂದು ಗೆರೆಯೆಳೆದರೆ ಅದರ ಪೂರ್ವಕ್ಕೂ ಉತ್ತರಕ್ಕೂ ಇರುವ ಸೀಮೆಯಲ್ಲಿ ಊಟೆಯ ನೀರು ನೆಲದ ಮೇಲ್ಪದರಕ್ಕೆ ಹತ್ತಿರವಾಗಿ ದೊರೆಯುತ್ತಿತ್ತೆಂದು ಹಳೆಯ ಮೈಸೂರು ಗ್ಯಾಸೆಟಿಯರಿನಿಂದ ತಿಳಿಯುತ್ತದೆ. ದಕ್ಷಿಣದ ಭಾಗದಲ್ಲಿ ಮರಳು ಬಗೆದರೆ ಸಾಕು, ನೀರು ಜಿನುಗುತ್ತಿತ್ತು. ಪಾವಗಡದಲ್ಲಿ ಮೆತುವಾದ ಕಲ್ಲಿನ ಪದರವನ್ನು ಕಡಿದು ಇಳಿಯಬೇಕಾಗಿತ್ತು. ಹೀಗೆ ದೊರೆತ ನೀರನ್ನು ಸಣ್ಣ ಕಾಲುವೆಗಳಲ್ಲಿ ಗದ್ದೆಗೆ ಹರಿಸುತ್ತಿದ್ದರು, ಇಲ್ಲವೆ ಕಪಿಲೆ ಬಾವಿ ತೋಡಿ ಎತ್ತುಗಳಿಂದ ಮೇಲೆತ್ತುತ್ತಿದ್ದರು. ಮೇಲೆ ಒಣಗಿದ ಮರಳು, ಒಂದಾಳುದ್ದ ಬಗೆದರೆ ತಣ್ಣನೆಯ ನೀರು! ಬಗೆಯುವ ತಾಳ್ಮೆಯಿದ್ದವನಿಗೆ ಮಾತ್ರ ಅದು ಕಾಣುತ್ತಿತ್ತು.

ಇಂಥ ಸೀಮೆಗೂ ತಡೆಯಲಾರದ ಪೆಟ್ಟು ಬಿದ್ದುದು 1876ರಿಂದ 1878ರವರೆಗಿನ ಮಹಾ ಕ್ಷಾಮದಲ್ಲಿ. ಧಾತು ಸಂವತ್ಸರದಲ್ಲಿ ಮೊದಲಾಗಿ ಈಶ್ವರ ಸಂವತ್ಸರದಲ್ಲಿ ವಿಕೋಪಕ್ಕೆ ಹೋದುದರಿಂದ ಜನ ಅದನ್ನು ಧಾತು ಈಶ್ವರದ ಬರವೆಂದು ಕರೆದರು. ನಮ್ಮ ಕಡೆಯ ಮುದುಕರು ತಮ್ಮ ಹಿರಿಯರಿಂದ ಕೇಳಿದ ಆ ಹೆಸರನ್ನು ಇಂದಿಗೂ ತಗ್ಗಿದ ದನಿಯಲ್ಲಿಯೇ ಹೇಳುತ್ತಾರೆ. ಕೆರೆಗಳು ಬತ್ತಿದುವು, ದನಕರು ಸತ್ತುವು, ಊರಿಗೆ ಊರೇ ಗುಳೆಯೆದ್ದಿತು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಐವತ್ತು ಲಕ್ಷಕ್ಕೂ ಮೇಲಿತ್ತು. 1881ರ ಗಣತಿಯ ವೇಳೆಗೆ ಅದು ನಲವತ್ತೆರಡು ಲಕ್ಷಕ್ಕೂ ಕೆಳಗಿಳಿದಿತ್ತು. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ಜನಸಂಖ್ಯೆ ಎಂಟು ಲಕ್ಷಕ್ಕೂ ಹೆಚ್ಚಾಗಿ ಕುಗ್ಗಿತು. ಈ ಅಂಕಿಗಳನ್ನು ಮೊದಲು ಓದಿದಾಗ ನಾನು ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಆ ಬರದಲ್ಲಿ ಒಂದು ದಾರುಣ ಸಂಗತಿಯಿತ್ತು. ಮದರಾಸಿನ ಕಡೆಯಿಂದ ರೈಲಿನಲ್ಲಿ ಧಾನ್ಯವೇನೋ ಬೆಂಗಳೂರಿಗೆ ಬರುತ್ತಿತ್ತು. ಆದರೆ ಅದನ್ನು ಒಳನಾಡಿನ ಹಳ್ಳಿಗಳಿಗೆ ಸಾಗಿಸಲು ಗಾಡಿಗೆ ಕಟ್ಟುವ ಎತ್ತುಗಳೇ ಉಳಿದಿರಲಿಲ್ಲ.

ಆ ಬರದ ಮರುವರ್ಷ, 1879ರಲ್ಲಿ, ಶೇಷಾದ್ರಿ ಅಯ್ಯರ್ ತುಮಕೂರಿನ ಡೆಪ್ಯುಟಿ ಕಮಿಷನರಾಗಿ ಬಂದರು. ಆಗ ಅವರಿಗೆ ಮೂವತ್ತನಾಲ್ಕು ವರ್ಷ. ಅವರು ಹುಟ್ಟಿದ್ದು 1845ರ ಜೂನ್ 1ರಂದು, ಮಲಬಾರಿನ ಪಾಲ್ಘಾಟಿನ ಹತ್ತಿರದ ಕುಮಾರಪುರದಲ್ಲಿ. ತಂದೆ ಕಲ್ಲಿಕೋಟೆಯಲ್ಲಿ ವಕೀಲರಾಗಿದ್ದವರು. ಮಗ ಎಳೆಯ ಕೂಸಾಗಿರುವಾಗಲೇ ತೀರಿಕೊಂಡರು. ತಂದೆಯ ಆಸರೆಯಿಲ್ಲದೆ ಬೆಳೆದ ಹುಡುಗ ಬುದ್ಧಿಬಲದಿಂದಲೇ ಮೇಲೆ ಬರಬೇಕಾಗಿತ್ತು. 1863ರಲ್ಲಿ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಹೆಸರು ಗಳಿಸಿ ವಿದ್ಯಾರ್ಥಿವೇತನ ಪಡೆದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ 1868ರಲ್ಲಿ ಪದವೀಧರರಾದರು. ಅದೇ ವರ್ಷ ರಂಗಾಚಾರ್ಲು ಅವರು ಈ ತರುಣನನ್ನು ಗುರುತಿಸಿ ಮೈಸೂರು ಸರ್ಕಾರದ ಸೇವೆಗೆ ಕರೆತಂದರು. ಕೆಲಸದಲ್ಲಿದ್ದುಕೊಂಡೇ ಓದು ಮುಂದುವರಿಸಿ 1874ರಲ್ಲಿ ಬಿ.ಎಲ್. ಪದವಿಯನ್ನೂ ಗಳಿಸಿದರು. ದುಡಿಮೆಗಾಗಿ ಓದು ನಿಲ್ಲಿಸಬೇಕಾಗಿ ಬಂದ ಗೆಳೆಯರು ಈ ಒಂದು ಸಂಗತಿಯನ್ನು ಗಮನಿಸಬೇಕೆಂದು ನನ್ನ ಕೋರಿಕೆ.

ತುಮಕೂರಿನಲ್ಲಿ ಅವರು ಇದ್ದುದು ಸುಮಾರು ಎರಡು ವರ್ಷ. ಕಚೇರಿಯ ಕಾಗದಗಳಲ್ಲಿ ಅಂಕಿಗಳಾಗಿ ಮಾತ್ರ ಕಾಣುವ ಕ್ಷಾಮವನ್ನು ಅವರು ಇಲ್ಲಿ ನೆಲದ ಮೇಲೆಯೇ ನೋಡಿರಬೇಕು. ಉಳುವವರಿಲ್ಲದೆ ಬೀಳುಬಿದ್ದ ಹೊಲ, ಒಡೆದ ಕೆರೆಯ ಏರಿ, ಬಾಕಿ ನಿಂತ ಕಂದಾಯ, ಇವು ಆ ದಿನಗಳ ಜಿಲ್ಲಾಧಿಕಾರಿಗೆ ದಿನನಿತ್ಯದ ನೋಟ. ಮುಂದೆ ಅವರು ದಿವಾನರಾಗಿ ಕೈಗೊಂಡ ಕಾರ್ಯಗಳನ್ನು ನೋಡಿದರೆ ಅವುಗಳ ಬೇರು ಈ ಎರಡು ವರ್ಷಗಳಲ್ಲಿಯೂ ಇದೆಯೆಂದು ನನಗೆ ತೋರುತ್ತದೆ.

1881ರ ಮಾರ್ಚ್ 25ರಂದು ಬ್ರಿಟಿಷರು ಮೈಸೂರು ರಾಜ್ಯವನ್ನು ಶ್ರೀ ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿಸಿದರು. ರಂಗಾಚಾರ್ಲು ಮೊದಲ ದಿವಾನರಾದರು. ಹಿಂದಿರುಗಿ ಬಂದ ರಾಜ್ಯ ಎಂಥದು? ಬರದಿಂದ ಬಡವಾದ ರಾಜ್ಯ, ಬರ ಪರಿಹಾರಕ್ಕಾಗಿ ಭಾರತ ಸರ್ಕಾರದಿಂದ ತಂದ ಎಂಬತ್ತು ಲಕ್ಷ ರೂಪಾಯಿ ಸಾಲವನ್ನು ಹೊತ್ತಿದ್ದ ರಾಜ್ಯ. ವರ್ಷದ ಹುಟ್ಟುವಳಿ ಒಂದು ಕೋಟಿ ರೂಪಾಯಿಯ ಆಸುಪಾಸು. ಅದರಲ್ಲಿ ಬ್ರಿಟಿಷರಿಗೆ ಸಲ್ಲಿಸಬೇಕಾದ ವಾರ್ಷಿಕ ಪೊಗದಿಯೇ ಇಪ್ಪತ್ತನಾಲ್ಕೂವರೆ ಲಕ್ಷ. ಇಂಥ ಸ್ಥಿತಿಯಲ್ಲಿ 1883ರ ಜನವರಿಯಲ್ಲಿ ರಂಗಾಚಾರ್ಲು ತೀರಿಕೊಂಡರು. ಮಹಾರಾಜರು ಅವರ ಸ್ಥಾನಕ್ಕೆ ಆರಿಸಿದ್ದು ಮೂವತ್ತೇಳು ವರ್ಷದ ಶೇಷಾದ್ರಿ ಅಯ್ಯರ್ ಅವರನ್ನು. ಅಧಿಕಾರ ವಹಿಸಿಕೊಂಡ ಮೊದಲ ವರ್ಷಗಳಲ್ಲಿಯೇ ಮಳೆ ಮತ್ತೆ ಕೈಕೊಟ್ಟಿತು.

ಸಾಲದಲ್ಲಿರುವ ಮನೆಯ ಯಜಮಾನನಿಗೆ ಎರಡು ದಾರಿಗಳು ಕಾಣುತ್ತವೆ. ಒಂದು, ಎಲ್ಲ ಖರ್ಚನ್ನೂ ನಿಲ್ಲಿಸಿ ಕೈಕಟ್ಟಿ ಕುಳಿತು ಒಳ್ಳೆಯ ಕಾಲಕ್ಕಾಗಿ ಕಾಯುವುದು. ಇನ್ನೊಂದು, ವ್ಯರ್ಥ ವೆಚ್ಚವನ್ನು ಬಿಗಿಹಿಡಿದು, ಮುಂದೆ ಫಲ ಕೊಡುವ ಕೆಲಸಕ್ಕೆ ಮಾತ್ರ ಧೈರ್ಯವಾಗಿ ಹಣ ಹಾಕುವುದು. ಶೇಷಾದ್ರಿ ಅಯ್ಯರ್ ಎರಡನೆಯ ದಾರಿಯನ್ನು ಹಿಡಿದರು. ಬರವನ್ನು ತಡೆಯಲು ಮನುಷ್ಯನಿಂದಾಗದು, ಆದರೆ ಬರ ಕ್ಷಾಮವಾಗುವುದನ್ನು ತಡೆಯಬಹುದು. ಅದಕ್ಕೆ ಧಾನ್ಯ ಸಾಗಿಸುವ ರೈಲು ಬೇಕು, ನೀರು ನಿಲ್ಲಿಸುವ ಕೆರೆ ಬಾವಿಗಳು ಬೇಕು ಎಂಬುದು ಅವರ ಆಡಳಿತದ ತಿರುಳು.

ರೈಲ್ವೆಯನ್ನು ರಂಗಾಚಾರ್ಲು ಅವರೇ ಆರಂಭಿಸಿದ್ದರು. ಶೇಷಾದ್ರಿ ಅಯ್ಯರ್ ಅದನ್ನು ಮುಂದುವರಿಸಿದರು. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂದಿತು. ರಾಜ್ಯದ ಬೊಕ್ಕಸವೊಂದರಿಂದಲೇ ಮುಂದಿನ ದಾರಿಯನ್ನು ಹಾಕುವುದು ಸಾಧ್ಯವಿಲ್ಲವೆಂದು ಕಂಡಾಗ ಸದರನ್ ಮರಾಠಾ ರೈಲ್ವೆ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡರು. 1889ರ ಹೊತ್ತಿಗೆ ರೈಲು ಹರಿಹರವನ್ನು ಮುಟ್ಟಿತು. 1890ರ ದಶಕದ ಆರಂಭದಲ್ಲಿ ಹಿಂದೂಪುರದ ಕಡೆಗೂ ಹಳಿ ಬಿದ್ದಿತು. ನಮ್ಮ ನಾಲ್ಕು ತಾಲ್ಲೂಕುಗಳ ಊರುಗಳಿಗೆ ಆ ಕಾಲದಲ್ಲಿ ರೈಲು ಬರಲಿಲ್ಲವೆಂಬುದು ನಿಜ. ಆದರೂ ದಕ್ಷಿಣಕ್ಕೆ ತುಮಕೂರು, ಪೂರ್ವಕ್ಕೆ ಹಿಂದೂಪುರ, ಹೀಗೆ ಎರಡು ಕಡೆಗಳಲ್ಲಿಯೂ ಧಾನ್ಯ ಇಳಿಯುವ ಸ್ಥಳಗಳು ಗಾಡಿಯ ದಾರಿಗೆ ಸಿಕ್ಕುವಂತಾದುವು.

ನೀರಾವರಿಗಾಗಿ ಅವರ ಕಾಲದಲ್ಲಿ ಒಟ್ಟು ಸುಮಾರು ಒಂದು ಕೋಟಿ ರೂಪಾಯಿ ವೆಚ್ಚವಾಯಿತು. ಇದರಿಂದ 355 ಚದರ ಮೈಲಿ ಭೂಮಿ ಹೊಸದಾಗಿ ನೀರು ಕಂಡಿತು. ಸರ್ಕಾರಕ್ಕೆ ವರ್ಷಕ್ಕೆ ಎಂಟೂಕಾಲು ಲಕ್ಷ ರೂಪಾಯಿ ಹೆಚ್ಚಿನ ಆದಾಯವಾಯಿತು. ದೊಡ್ಡ ಕಾಮಗಾರಿಗಳ ಜೊತೆಗೆ ರೈತರು ತಮ್ಮ ಹೊಲದಲ್ಲಿ ನೀರಾವರಿ ಬಾವಿ ತೋಡಿಕೊಳ್ಳಲು ಸರ್ಕಾರದಿಂದ ಸಾಲ ಕೊಡುವ ಏರ್ಪಾಡೂ ಆಯಿತು. ನನಗೆ ಇದು ಬಹು ಮುಖ್ಯವಾಗಿ ಕಾಣುತ್ತದೆ. ಕೆರೆ ತುಂಬಬೇಕಾದರೆ ದೇವರು ಮನಸ್ಸು ಮಾಡಬೇಕು. ಕಪಿಲೆ ಬಾವಿಯ ನೀರಿಗೆ ರೈತನ ರಟ್ಟೆಯೂ ಎರಡು ಎತ್ತೂ ಸಾಕು. ಸ್ವಂತ ಬಾವಿಯುಳ್ಳವನು ಬರದ ವರ್ಷದಲ್ಲಿಯೂ ಒಂದು ಮಡಿ ರಾಗಿಯ ಪೈರನ್ನು ಉಳಿಸಿಕೊಳ್ಳಬಲ್ಲ. ನಂಬಿಕೆಯೆಂಬುದು ಅಂಥವನಿಗೆ ದಿನವೂ ಕೈಯಿಂದ ಮಾಡುವ ಒಂದು ಕೆಲಸವಾಗುತ್ತದೆ.

ಕೋಲಾರದ ಚಿನ್ನದ ಗಣಿಯ ಕಥೆಯೂ ಇದೇ ಕಾಲದ್ದು. 1883ರ ಹೊತ್ತಿಗೆ ಅಲ್ಲಿನ ಮೈಸೂರು ಗಣಿ ಕಂಪನಿ ತನ್ನ ಬಂಡವಾಳದ ಬಹುಭಾಗವನ್ನು ಕಳೆದುಕೊಂಡು ಮುಚ್ಚುವ ಸ್ಥಿತಿಗೆ ಬಂದಿತ್ತು. ಉಳಿದ ಅಲ್ಪ ಹಣದಲ್ಲಿ ಇನ್ನೊಮ್ಮೆ ಅಗೆದು ನೋಡುವುದೆಂದು ನಿಶ್ಚಯಿಸಿದಾಗ ಚಿನ್ನದ ದೊಡ್ಡ ಪದರ ಸಿಕ್ಕಿತು. ಹೀಗೆ ಸಿಕ್ಕುವುದು ಅದೃಷ್ಟ. ಸಿಕ್ಕಿದ ಮೇಲೆ ಅದನ್ನು ಬಳಸುವುದು ವಿವೇಕ. ಗಣಿಗಳಿಂದ ಬಂದ ರಾಜಧನ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರಾಜ್ಯದ ಹಣಕಾಸಿಗೆ ದೊಡ್ಡ ಆಧಾರವಾಯಿತು. 1894ರಲ್ಲಿ ಭೂವಿಜ್ಞಾನ ಇಲಾಖೆಯನ್ನೂ ಸ್ಥಾಪಿಸಿದರು.

ಅವರು ಕೈಹಾಕಿದ ಕೆಲಸವೆಲ್ಲ ಫಲಿಸಿತೆಂದು ಹೇಳಿದರೆ ಅದು ಚರಿತ್ರೆಯಾಗದೆ ಹೊಗಳಿಕೆಯಾದೀತು. ರೈತರನ್ನು ಸಾಹುಕಾರರ ಬಡ್ಡಿಯಿಂದ ಬಿಡಿಸಬೇಕೆಂದು 1894ರಲ್ಲಿ ವ್ಯವಸಾಯದ ಬ್ಯಾಂಕುಗಳ ಯೋಜನೆಯನ್ನು ತಂದರು. ಅದು ಬೇರೂರಲಿಲ್ಲ. ರಾಜ್ಯದಲ್ಲಿ ಸಹಕಾರ ಸಂಘಗಳ ಕಾನೂನು ಬಂದುದು ಅವರು ತೀರಿಕೊಂಡ ಮೇಲೆ, 1905ರಲ್ಲಿ. ದೊಡ್ಡ ಹುದ್ದೆಗಳಲ್ಲಿ ಮದರಾಸಿನವರೇ ತುಂಬಿಕೊಂಡರು, ಮೈಸೂರಿನವರಿಗೆ ಅವಕಾಶವಿಲ್ಲ ಎಂಬ ಅಸಮಾಧಾನವೂ ಅವರ ಕಾಲದಲ್ಲಿ ಬಲವಾಗಿ ಎದ್ದಿತು. ಅದು ನಿರಾಧಾರವಾದ ದೂರೆಂದು ತಳ್ಳಿಹಾಕುವಂತಿಲ್ಲ. 1891ರಲ್ಲಿ ಮೈಸೂರು ಸಿವಿಲ್ ಸರ್ವಿಸಿಗೆ ಸ್ಪರ್ಧಾ ಪರೀಕ್ಷೆಯನ್ನು ಏರ್ಪಡಿಸಿದವರೂ ಅವರೇ ಎಂಬುದನ್ನು ಇದರ ಜೊತೆಗೇ ಹೇಳಬೇಕು. ಅವರ ಒಂದು ಗುಣವನ್ನು ಮಾತ್ರ ಟೀಕಾಕಾರರೂ ಅಲ್ಲಗಳೆಯುವಂತಿರಲಿಲ್ಲ. ಪ್ರತಿ ವರ್ಷ ದಸರೆಯ ಕಾಲದಲ್ಲಿ ಮೈಸೂರಿನಲ್ಲಿ ಸೇರುತ್ತಿದ್ದ ಪ್ರಜಾಪ್ರತಿನಿಧಿ ಸಭೆಯಲ್ಲಿ, ತಾಲ್ಲೂಕುಗಳಿಂದ ಬಂದ ರೈತರ ಮತ್ತು ವರ್ತಕರ ಮುಂದೆ, ಮಳೆ ಬೆಳೆ, ಆದಾಯ ವೆಚ್ಚಗಳ ಲೆಕ್ಕವನ್ನು ದಿವಾನರು ಬಿಚ್ಚಿಡುತ್ತಿದ್ದರು. ಕೆಟ್ಟ ವರ್ಷದ ಲೆಕ್ಕವನ್ನೂ ಎದುರಿಗಿಟ್ಟುಕೊಂಡು ಮಾತಾಡುವುದರಲ್ಲಿ ಒಂದು ಬಗೆಯ ಧೈರ್ಯವಿದೆ. ಲೆಕ್ಕ ನೋಡಲು ಹೆದರುವವನ ಆಶಾವಾದ ಸಾಲಗಾರನ ಕನಸಿನಂತೆ; ಬೆಳಗಾದರೆ ಕರಗುತ್ತದೆ.

1894ರ ಡಿಸೆಂಬರಿನಲ್ಲಿ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ಅಕಾಲಮೃತ್ಯುವಿಗೆ ತುತ್ತಾದರು. ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು ರೀಜೆಂಟರಾದರು. ದಿವಾನರ ಹೊಣೆ ಇನ್ನೂ ಹೆಚ್ಚಿತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದು ಊರೇ ತತ್ತರಿಸಿತು. ಇಂಥ ಕಾಲದಲ್ಲಿಯೇ ಅವರ ಆಡಳಿತದ ಎರಡು ಅತಿ ದೊಡ್ಡ ಸಾಹಸಗಳು ರೂಪುಗೊಂಡುವೆಂಬುದು ಆಶ್ಚರ್ಯದ ಸಂಗತಿ.

ಒಂದನೆಯದು ನಮ್ಮ ಶಿರಾದ ನೆರೆಯ ಹಿರಿಯೂರು ತಾಲ್ಲೂಕಿನ ಮಾರಿಕಣಿವೆ. ವೇದಾವತಿ ನದಿಗೆ ಅಡ್ಡಲಾಗಿ ಅಲ್ಲಿ ಕಟ್ಟೆಯ ಕೆಲಸ 1898ರಲ್ಲಿ ಮೊದಲಾಯಿತು. ಇಷ್ಟು ಒಣ ಸೀಮೆಯಲ್ಲಿ ಇಷ್ಟು ದೊಡ್ಡ ಜಲಾಶಯ ತುಂಬುವುದುಂಟೆ, ಹಣ ಮಣ್ಣುಪಾಲಾಯಿತು ಎಂಬ ಆಕ್ಷೇಪಣೆಗೆ ಕೊರತೆಯಿರಲಿಲ್ಲ. ಕಟ್ಟೆ ಮುಗಿದುದು 1907ರಲ್ಲಿ. ಅದೇ ವಾಣೀವಿಲಾಸ ಸಾಗರ. ಅದು ಮೊದಲ ಸಲ ತುಂಬಿ ಕೋಡಿ ಹರಿದುದು 1933ರಲ್ಲಿ, ಮತ್ತೆ ಕೋಡಿ ಹರಿದುದು 2022ರಲ್ಲಿ. ಎಂಬತ್ತೊಂಬತ್ತು ವರ್ಷಗಳ ಅಂತರ! ಆಕ್ಷೇಪಿಸಿದವರ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಆದರೆ ಕೋಡಿ ಹರಿಯದ ಆ ವರ್ಷಗಳಲ್ಲಿಯೂ ಹಿರಿಯೂರಿನ ಹೊಲ ತೋಟಗಳು ಅದರ ನೀರನ್ನು ಕುಡಿದೇ ಬೆಳೆದುವು. ಪೂರ್ತಿ ತುಂಬಿದರೆ ಮಾತ್ರ ಸಾರ್ಥಕವೆಂದು ಎಣಿಸಿದ್ದರೆ ಆ ಕಟ್ಟೆಯೇ ಏಳುತ್ತಿರಲಿಲ್ಲ.

ಎರಡನೆಯದು ಶಿವನಸಮುದ್ರ. ಕಾವೇರಿಯ ಜಲಪಾತದಿಂದ ವಿದ್ಯುಚ್ಛಕ್ತಿಯನ್ನು ಉತ್ಪಾದಿಸಿ ತೊಂಬತ್ತೆರಡು ಮೈಲಿ ದೂರದ ಕೋಲಾರದ ಗಣಿಗೆ ತಂತಿಯ ಮೂಲಕ ಸಾಗಿಸುವ ಯೋಜನೆ ಅದು. ಅಷ್ಟು ದೂರ ವಿದ್ಯುತ್ತನ್ನು ಒಯ್ಯುವುದು ಆ ಕಾಲಕ್ಕೆ ಪ್ರಪಂಚದಲ್ಲಿಯೇ ಅಪೂರ್ವವಾದ ಪ್ರಯತ್ನ. ದಿವಾನರು ಅದಕ್ಕೆ ಒಪ್ಪಿಗೆ ಕೊಟ್ಟು, ಇಂಜಿನಿಯರರನ್ನು ಯೂರೋಪು ಅಮೆರಿಕಗಳಿಗೆ ಕಳುಹಿಸಿ, ಬೇಕಾದ ಏರ್ಪಾಡನ್ನೆಲ್ಲ ಮಾಡಿಸಿದರು. ಗಣಿಗೆ ವಿದ್ಯುತ್ತು ಹರಿದುದು 1902ರ ಜೂನ್ 30ರಂದು.

ಆದರೆ ಆ ದಿನವನ್ನು ನೋಡಲು ಶೇಷಾದ್ರಿ ಅಯ್ಯರ್ ಇರಲಿಲ್ಲ. ಹದಿನೆಂಟು ವರ್ಷಗಳ ದುಡಿಮೆ ಅವರ ದೇಹವನ್ನು ಸವೆಸಿತ್ತು. ಆರೋಗ್ಯ ಕೆಟ್ಟು ಅಧಿಕಾರದಿಂದ ನಿವೃತ್ತರಾದ ಅವರು 1901ರ ಸೆಪ್ಟೆಂಬರ್ 13ರಂದು, ತಮ್ಮ ಐವತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡರು. ವಾಣೀವಿಲಾಸ ಸಾಗರದ ನೀರನ್ನೂ ಅವರು ಕಾಣಲಿಲ್ಲ, ಶಿವನಸಮುದ್ರದ ಬೆಳಕನ್ನೂ ಕಾಣಲಿಲ್ಲ. ರಾಜ್ಯ ಮಹಾರಾಜರ ಕೈಗೆ ಬಂದಾಗ ಅದರ ಆಸ್ತಿಗಿಂತ ಮೂವತ್ತು ಲಕ್ಷಕ್ಕೂ ಹೆಚ್ಚಿನ ಹೊಣೆಗಾರಿಕೆಯಿತ್ತು. ಅವರು ಬಿಟ್ಟುಹೋದಾಗ ಹೊಣೆಗಾರಿಕೆಗಳನ್ನೆಲ್ಲ ಕಳೆದು ನೂರೆಪ್ಪತ್ತಾರು ಲಕ್ಷದಷ್ಟು ಮಿಕ್ಕಿತ್ತು.

ಈ ಜೀವನದಿಂದ ನಾನು ತಿಳಿದುಕೊಂಡದ್ದು ಇಷ್ಟೆ. ಕಷ್ಟಕಾಲದ ಆಶಾವಾದವೆಂದರೆ ಎಲ್ಲವೂ ಸರಿಹೋಗುತ್ತದೆಂದು ಹೇಳಿಕೊಂಡು ಕೂರುವುದಾಗಿರಲಾರದು. ಇದ್ದ ಸ್ಥಿತಿಯನ್ನು ಲೆಕ್ಕದಂತೆ ಎದುರಿಗಿಟ್ಟುಕೊಂಡು, ಕೈಯಲ್ಲಿರುವ ಅಲ್ಪದಲ್ಲಿಯೇ ನಾಳೆಗೆ ಬೇಕಾದ ಒಂದು ಕೆಲಸವನ್ನು ಇಂದು ಆರಂಭಿಸುವುದು. ಅದರ ಫಲ ನಮ್ಮ ಕಣ್ಣೆದುರಿಗೇ ಬರಬೇಕೆಂದು ಹಟಹಿಡಿಯದಿರುವುದು. ಒಬ್ಬ ದಿವಾನರ ಕೈಯಲ್ಲಿ ಅಧಿಕಾರವಿತ್ತು, ನಮ್ಮ ಕೈಯಲ್ಲಿ ಏನಿದೆ ಎಂದು ಗೆಳೆಯರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಹಸಿದವನಿಗೆ ಧೈರ್ಯ ಹೇಳುವ ಮುನ್ನ ಅವನ ಹೊಲಕ್ಕೆ ನೀರಿನ ದಾರಿಯನ್ನೂ ಅವನ ಮಕ್ಕಳಿಗೆ ಓದಿನ ದಾರಿಯನ್ನೂ ತೆರೆಯುವುದು ಆಳುವವರ ಕರ್ತವ್ಯವೆಂಬುದನ್ನೂ ಈ ಚರಿತ್ರೆಯೇ ಹೇಳುತ್ತದೆ.

ನಮ್ಮ ಸೀಮೆಯ ಸ್ಥಿತಿ ಆ ದಿನಗಳಿಂದ ಬಹಳ ಬದಲಾಗಿದೆ. ತಲಪರಿಗೆಗಳು ಬಹುಮಟ್ಟಿಗೆ ಬತ್ತಿವೆ. ಕೊಳವೆಬಾವಿಗಳು ನೂರಾರು ಅಡಿ ಆಳಕ್ಕಿಳಿದಿವೆ. ಪಾವಗಡದ ಕಡೆ ಅಷ್ಟು ಆಳದಿಂದ ಬರುವ ನೀರಿನಲ್ಲಿ ಫ್ಲೋರೈಡು ಸೇರಿ ಜನರ ಹಲ್ಲು ಮೂಳೆಗಳನ್ನು ಕೆಡಿಸಿದೆ. ಅದೇ ಪಾವಗಡದ ತಿರುಮಣಿಯ ಸುತ್ತ ಸುಮಾರು ಹದಿಮೂರು ಸಾವಿರ ಎಕರೆಯಲ್ಲಿ, ರೈತರಿಂದ ಗುತ್ತಿಗೆಗೆ ಪಡೆದ ಒಣ ಭೂಮಿಯ ಮೇಲೆ, 2018ರಿಂದ ಸೂರ್ಯನ ಬಿಸಿಲಿನಿಂದ ವಿದ್ಯುತ್ತು ಹುಟ್ಟುತ್ತಿದೆ. ಬೆಳೆಯನ್ನು ಸುಡುತ್ತಿದ್ದ ಬಿಸಿಲೇ ಭೂಮಿಯುಳ್ಳವರಿಗೆ ವರ್ಷವರ್ಷವೂ ಗುತ್ತಿಗೆಯ ಹಣ ತರುವಂತಾಯಿತು. ಭೂಮಿಯಿಲ್ಲದ ಕೂಲಿಕಾರರಿಗೆ ಅದರಿಂದ ಹೊಲದ ಕೆಲಸ ತಪ್ಪಿತೆಂಬ ನೋವೂ ಅಲ್ಲಿದೆ. ಶಿವನಸಮುದ್ರದ ತಂತಿಯನ್ನು ಕನಸಿದವರು ಇಂದು ಇದ್ದಿದ್ದರೆ ಆ ಬಿಸಿಲಿನ ವಿದ್ಯುತ್ತನ್ನು ನೋಡಿ ಸಂತೋಷಪಡುತ್ತಿದ್ದರು. ಆ ಕೂಲಿಕಾರರ ಲೆಕ್ಕವನ್ನೂ ಕೇಳುತ್ತಿದ್ದರೆಂದು ನಂಬಲು ನನಗೆ ಇಷ್ಟ.

ಗೆಳೆಯರೆ, ನಮ್ಮಲ್ಲಿ ಯಾರ ಮನೆಯಲ್ಲಿ ಈ ವರ್ಷ ಬೆಳೆ ಬಂದಿಲ್ಲವೋ ಅವರು ಓದನ್ನು ನಿಲ್ಲಿಸುವ ಮೊದಲು ಒಂದು ಮಾತು ಅಧ್ಯಾಪಕರೊಡನೆ ಆಡಲಿ. ವಿದ್ಯಾರ್ಥಿವೇತನದ ಅರ್ಜಿ, ವಿದ್ಯಾರ್ಥಿನಿಲಯದ ಅರ್ಜಿ, ಶುಲ್ಕ ರಿಯಾಯಿತಿಯ ಅರ್ಜಿ, ಇವು ಸಣ್ಣ ಕಾಗದಗಳು. ಆದರೆ ಅವೂ ಬಾವಿ ತೋಡುವ ಕೆಲಸವೇ. ಬೆಳೆ ಬಂದವರು ಬೆಳೆ ಬಾರದ ಗೆಳೆಯನ ಪಕ್ಕದಲ್ಲಿ ಕುಳಿತು ತಮ್ಮ ಪುಸ್ತಕವನ್ನು ಹಂಚಿಕೊಳ್ಳಲಿ. ಧಾತು ಈಶ್ವರದ ಬರವನ್ನು ದಾಟಿ ಉಳಿದವರ ಮಕ್ಕಳ ಮಕ್ಕಳು ನಾವು. ಅವರು ಉಳಿಸಿಟ್ಟ ಬೀಜದ ರಾಗಿಯಿಂದಲೇ ನಮ್ಮ ಮನೆಗಳ ಕಣಜ ಮತ್ತೆ ತುಂಬಿತೆಂಬುದನ್ನು ಮರೆಯದಿರೋಣ.